ಎರಡನೇ ಗೇರಿನ ಕರಕರ ಸದ್ದು: ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ 2011ರ ಮಾದರಿಯ ನಿಸ್ಸಾನ್ 370ಝಡ್ ಸ್ಪೋರ್ಟ್ಸ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಆರು ಗೇರಿನ ಮ್ಯಾನುಯಲ್ ಗಾಡಿ, 58,000 ಕಿ.ಮೀ. ಓಡಿದೆ. ಚಳಿಗಾಲದ ಬೆಳಿಗ್ಗೆ ಹೊರಟಾಗ ಒಂದನೇ ಗೇರಿನಿಂದ ಎರಡಕ್ಕೆ ಹಾಕುವಾಗ ಕರಕರ ಎನ್ನುತ್ತದೆ, ನಾಲ್ಕೈದು ಕಿ.ಮೀ. ಆದ ಮೇಲೆ ಸರಿಹೋಗುತ್ತದೆ. ಆದರೆ ಚಾರ್ಮಾಡಿ ಘಾಟಿ ಹತ್ತಿ ಬಂದು ನಮ್ಮ ತೋಟದ ಕಚ್ಚಾ ರಸ್ತೆಗೆ ಇಳಿದರೆ ಮತ್ತೆ ಶುರುವಾಗುತ್ತದೆ. ಆಗ ರಿವರ್ಸ್ ಕೂಡ ಬೀಳುವುದಿಲ್ಲ, ಕ್ಲಚ್ ಪೆಡಲ್ ಮೆತ್ತಗಾಗುತ್ತದೆ, ಮನೆಯ ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಪೆಡಲನ್ನು ಎರಡು ಮೂರು ಸಲ ಒತ್ತಿ ಹಾಕಿದರೆ ಗೇರ್ ಬೀಳುತ್ತದೆ. ಬೆಂಗಳೂರಿನ ಗ್ಯಾರೇಜಿನವರು ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಬೇಕು ಇಲ್ಲವೇ ಬೇರೆಯದು ತರಿಸಬೇಕು ಎನ್ನುತ್ತಾರೆ. ಗೆಳೆಯರೊಬ್ಬರು ದಪ್ಪ ಗೇರ್ ಆಯಿಲ್ ಹಾಕಿಸಿ ಎನ್ನುತ್ತಾರೆ. ರ‍್ಯಾಲಿ ನೋಡುವ ಇನ್ನೊಬ್ಬರು, ಕ್ಲಚ್ ಒತ್ತದೆ ಗೇರ್ ಬದಲಿಸಲು ಕಲಿಯಿರಿ, ರ‍್ಯಾಲಿಯವರು ಹಾಗೇ ಮಾಡುವುದು ಎನ್ನುತ್ತಾರೆ. ನನ್ನ ಕಾರಿನಲ್ಲಿ ತಾನೇ ರೇಸ್ ಕೊಟ್ಟು ಗೇರ್ ಹೊಂದಿಸುವ ಬಟನ್ ಇದೆ, ಅದನ್ನು ಯಾವಾಗಲೂ ಆನ್ ಇಟ್ಟಿರುತ್ತೇನೆ, ಆದರೂ ಹೀಗೇಕೆ? ಎಂಜಿನ್ 3,000 ಕಿ.ಮೀ.ಗೆ ಸುಮಾರು ಒಂದು ಲೀಟರ್ ಆಯಿಲ್ ಕುಡಿಯುತ್ತದೆ, ದಪ್ಪನೆಯ 20ಡಬ್ಲ್ಯು-50 ಎಂಜಿನ್ ಆಯಿಲ್ ಹಾಕಬಹುದೇ? ಈಗಿನ ಪೆಟ್ರೋಲ್ ಇದಕ್ಕೆ ಆಗುತ್ತದೆಯೇ? ಅಥವಾ ಕಾರನ್ನೇ ಮಾರಿಬಿಡುವುದು ಒಳ್ಳೆಯದೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ. ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು ಮಾರಾಟವಾದ, ತಯಾರಿಕೆಯೂ ನಿಂತುಹೋದ ಕಾರೊಂದರ ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಒಬ್ಬರು ಹೇಳಿಬಿಟ್ಟಿದ್ದಾರೆ. ಅದು ನಿಜವಾದರೆ ಖರ್ಚು ದೊಡ್ಡದು, ಸುಳ್ಳಾದರೆ ಸುಮ್ಮನೆ ಬಿಚ್ಚಿಸಿದ ಹಾಗೆ. ಹಾಸನದ ಬಿ.ಎಂ. ರಸ್ತೆಯ ನಮ್ಮ ಗ್ಯಾರೇಜಿಗೆ ಮಲೆನಾಡಿನ ತೋಟಗಳಿಂದ ಬರುವ ಕಾರುಗಳಲ್ಲಿ ಇದೇ ಬಗೆಯ ದೂರು ಮತ್ತೆ ಮತ್ತೆ ಕಾಣುವುದರಿಂದ, ನಿಮ್ಮ ವಿವರಣೆಯನ್ನು ಓದಿದಾಗ ನನಗೆ ಅನ್ನಿಸಿದ್ದನ್ನು ಮೊದಲೇ ಹೇಳುತ್ತೇನೆ: ನಿಮ್ಮ ಕಾರಿನ ಗೇರ್‌ಬಾಕ್ಸ್ ಇನ್ನೂ ಚೆನ್ನಾಗಿಯೇ ಇರುವ ಸಾಧ್ಯತೆ ಹೆಚ್ಚು. ಬಿಸಿಯಾದಾಗ ನಿಮ್ಮ ಕ್ಲಚ್ ಪೂರ್ತಿಯಾಗಿ ಬಿಡುತ್ತಿಲ್ಲ, ಅಂದರೆ ಪೆಡಲ್ ಒತ್ತಿದರೂ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಪೂರ್ತಿ ಬೇರ್ಪಡಿಸುತ್ತಿಲ್ಲ, ಆ ತಪ್ಪಿನ ಪೆಟ್ಟು ಗೇರ್‌ಬಾಕ್ಸಿನ ಮೇಲೆ ಬೀಳುತ್ತಿದೆ. ಹಾಗೆಂದು ನಿರಾಳವಾಗಿ ಓಡಿಸಬಹುದು ಎಂದಲ್ಲ. ಇದೇ ಸ್ಥಿತಿಯಲ್ಲಿ ಇನ್ನೊಂದು ಮಳೆಗಾಲ, ಇನ್ನೊಂದು ಚಳಿಗಾಲ ಓಡಿಸಿದರೆ ಗ್ಯಾರೇಜಿನವರ ಮಾತು ನಿಜವಾಗಿಬಿಡುತ್ತದೆ.

ನೀವು ಒಂದೇ ಎಂದುಕೊಂಡಿರುವ ಸದ್ದು ವಾಸ್ತವವಾಗಿ ಎರಡು ಬೇರೆ ಬೇರೆ ಕಾರಣಗಳಿಂದ ಬರುತ್ತಿದೆ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಬಂದು ನಾಲ್ಕೈದು ಕಿ.ಮೀ. ಆದ ಮೇಲೆ ಮಾಯವಾಗುವ ಸದ್ದು ಒಂದು. ಘಾಟಿ ಹತ್ತಿ, ತೋಟದ ರಸ್ತೆಯಲ್ಲಿ ತೆವಳಿ, ಎಲ್ಲವೂ ಕಾದ ಮೇಲೆ ಬರುವ ಸದ್ದು ಇನ್ನೊಂದು. ಗೇರ್‌ಬಾಕ್ಸಿನ ಒಳಗಿನ ಭಾಗ ನಿಜಕ್ಕೂ ಸವೆದಿದ್ದರೆ ಆಯಿಲ್ ಬಿಸಿಯಾದ ಮೇಲೆ ಎರಡನೇ ಗೇರ್ ಮಾತ್ರ ಕಾಡುತ್ತದೆ, ರಿವರ್ಸ್ ಜೊತೆಗೂಡಿ ಹಟ ಮಾಡುವುದಿಲ್ಲ, ಪೆಡಲ್ ಮೆತ್ತಗಾಗುವುದಂತೂ ಇಲ್ಲವೇ ಇಲ್ಲ. ಪೆಡಲನ್ನು ಎರಡು ಮೂರು ಸಲ ಒತ್ತಿದಾಗ ಗೇರ್ ಸಲೀಸಾಗಿ ಬೀಳುತ್ತದೆ ಎಂಬ ನಿಮ್ಮ ಒಂದು ಸಾಲು ಇಡೀ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು, ಏಕೆಂದರೆ ಪೆಡಲ್ ಒತ್ತುವುದರಿಂದ ಗೇರ್‌ಬಾಕ್ಸಿನೊಳಗೆ ಏನೂ ರಿಪೇರಿಯಾಗುವುದಿಲ್ಲ. ಕ್ಲಚ್ಚಿನ ದ್ರವದ ಒತ್ತಡ ಮಾತ್ರ ಹೆಚ್ಚುತ್ತದೆ.

ಇದು ಅರ್ಥವಾಗಬೇಕಾದರೆ ಸಿಂಕ್ರೊ ಎಂಬ ಭಾಗ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಒಂದರಿಂದ ಎರಡಕ್ಕೆ ಗೇರ್ ಹಾಕುವಾಗ ಗೇರ್‌ಬಾಕ್ಸಿನ ಹಿಂದಿನ ಶಾಫ್ಟ್ ಚಕ್ರಗಳಿಗೆ ಕಟ್ಟಿಹಾಕಿದಂತೆ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ, ಆದರೆ ಮುಂದಿನ ಶಾಫ್ಟ್, ಅದರೊಂದಿಗೆ ತಿರುಗುವ ಗೇರುಗಳು ಮತ್ತು ಕ್ಲಚ್ ಪ್ಲೇಟು ಮೊದಲನೇ ಗೇರಿನ ಹೆಚ್ಚಿನ ವೇಗದಲ್ಲೇ ಸುತ್ತುತ್ತಿರುತ್ತವೆ. ಸಿಂಕ್ರೊ ಉಂಗುರವು ಗೇರಿನ ಓರೆಯಾದ ಮೈಗೆ ಒತ್ತಿಕೊಂಡು, ಉಜ್ಜಿ, ಅವುಗಳ ವೇಗವನ್ನು ತಗ್ಗಿಸಿ ಎರಡೂ ಕಡೆ ಸಮವಾದ ಮೇಲೆಯೇ ಹಲ್ಲುಗಳು ಕೂಡಲು ಬಿಡುತ್ತದೆ. ನಿಮ್ಮ ಕಾರಿನಲ್ಲಿ ಮೊದಲನೇ ಗೇರಿನ ಅನುಪಾತ (ಹಿಂದಿನ ಶಾಫ್ಟ್ ಒಂದು ಸುತ್ತು ತಿರುಗಲು ಮುಂದಿನ ಶಾಫ್ಟ್ ತಿರುಗಬೇಕಾದ ಸುತ್ತುಗಳು) 3.794, ಎರಡನೆಯದು 2.324. ಅಂದರೆ ಮೊದಲ ಗೇರಿನಲ್ಲಿ 3,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3,000 ಸುತ್ತು) ಹೋಗುತ್ತಾ ಎರಡಕ್ಕೆ ಹಾಕಿದರೆ ಆ ಶಾಫ್ಟಿನ ವೇಗ ಸುಮಾರು 1,840ಕ್ಕೆ ಇಳಿಯಬೇಕು. ಉಂಗುರವು ಕ್ಷಣಾರ್ಧದಲ್ಲಿ 1,160 ಸುತ್ತುಗಳ ವ್ಯತ್ಯಾಸವನ್ನು ನುಂಗಬೇಕು. ಅದೇ ಐದರಿಂದ ಆರಕ್ಕೆ ಹಾಕುವಾಗ ಇಳಿಯಬೇಕಾದ್ದು ಸುಮಾರು 620 ಮಾತ್ರ. 6,500 ಆರ್‌ಪಿಎಂವರೆಗೆ ಎಳೆದು ಎರಡಕ್ಕೆ ಹಾಕುವವರು ಆ ಉಂಗುರದ ಮೇಲೆ 2,500 ಸುತ್ತುಗಳ ಹೊರೆ ಹಾಕುತ್ತಾರೆ. ಹೆಚ್ಚಿನ ಸ್ಪೋರ್ಟ್ಸ್ ಕಾರುಗಳಲ್ಲಿ ಮೊದಲು ದೂರು ಬರುವುದು ಎರಡನೇ ಗೇರಿನದೇ ಏಕೆ ಎಂಬುದಕ್ಕೆ ಈ ಲೆಕ್ಕವೇ ಉತ್ತರ.

ಉಂಗುರ ಉಜ್ಜಬೇಕಾದರೆ ನಡುವಿನ ಆಯಿಲ್ ಪದರ ಪಕ್ಕಕ್ಕೆ ಸರಿಯಬೇಕು. ಡಿಸೆಂಬರ್, ಜನವರಿಯ ಬೆಳಿಗ್ಗೆ ಮೂಡಿಗೆರೆಯ ಚಳಿಯಲ್ಲಿ ರಾತ್ರಿಯಿಡೀ ನಿಂತ ಕಾರಿನ ಗೇರ್ ಆಯಿಲ್ ಗಟ್ಟಿಯಾಗಿರುತ್ತದೆ, ಪದರ ಸರಿಯುವುದು ತಡವಾಗುತ್ತದೆ, ನಾವು ಅವಸರ ಮಾಡಿದರೆ ಹಲ್ಲು ಹಲ್ಲಿಗೆ ತಾಗುತ್ತದೆ. ಬೆಳಗಿನ ಸದ್ದು ಇಷ್ಟೇ. ಆಯಿಲ್ ಹಳೆಯದಾಗಿದ್ದರೆ ಅಥವಾ ಹಿಂದಿನ ಮಾಲೀಕರು ತಪ್ಪು ಆಯಿಲ್ ತುಂಬಿಸಿದ್ದರೆ ಅದು ಇನ್ನಷ್ಟು ಜೋರಾಗುತ್ತದೆ. ಆದ್ದರಿಂದ ದಪ್ಪ ಗೇರ್ ಆಯಿಲ್ ಹಾಕಿಸಿ ಎಂಬ ನಿಮ್ಮ ಗೆಳೆಯರ ಸಲಹೆ ಕಾಯಿಲೆಯನ್ನೇ ಬೆಳೆಸುತ್ತದೆ. ಈ ಗೇರ್‌ಬಾಕ್ಸಿಗೆ ಬೇಕಾದ್ದು 75ಡಬ್ಲ್ಯು-85 ಎಂಬ ದಪ್ಪದ ದರ್ಜೆಯ, ಜಿಎಲ್-4 (ಜಿಎಲ್ ಎಂಬುದು ಗೇರ್ ಆಯಿಲಿನ ಬಳಕೆಯ ವರ್ಗ) ಎಂದು ಸ್ಪಷ್ಟವಾಗಿ ಬರೆದಿರುವ ಆಯಿಲ್. ಅಂಗಡಿಯಲ್ಲಿ ಜಿಎಲ್-5 ಕೊಟ್ಟು, ಐದು ನಾಲ್ಕಕ್ಕಿಂತ ಮೇಲು ಎಂದು ಹೇಳುವವರಿದ್ದಾರೆ. ಅದು ಮೇಲು ಕೀಳಿನ ಲೆಕ್ಕವಲ್ಲ. ಜಿಎಲ್-5 ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ, ಅಂದರೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿಗೆ, ಹೇಳಿಮಾಡಿಸಿದ್ದು. ಅದರಲ್ಲಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹಿತ್ತಾಳೆಯ ಭಾಗಗಳಿಗೆ ಒಗ್ಗದಿರಬಹುದು, ಜೊತೆಗೆ ಅದರ ಜಾರುಗುಣವೇ ಉಜ್ಜಿ ವೇಗ ತಗ್ಗಿಸಬೇಕಾದ ಉಂಗುರಕ್ಕೆ ಶತ್ರು. ನಿಮ್ಮ ಗಾಡಿಯ ಡಿಫರೆನ್ಷಿಯಲ್‌ಗೆ ಜಿಎಲ್-5 ಬೇಕು, ಗೇರ್‌ಬಾಕ್ಸಿಗೆ ಬೇಡ. ಎರಡನ್ನೂ ಒಂದೇ ಡಬ್ಬಿಯಿಂದ ತುಂಬುವ ಗ್ಯಾರೇಜಿನಲ್ಲಿ ಎದುರಿಗೆ ನಿಂತು ಕೆಲಸ ಮಾಡಿಸಿ.

ಈಗ ಎರಡನೆಯ, ನಿಜವಾಗಿ ಚಿಂತಿಸಬೇಕಾದ ಸದ್ದಿಗೆ ಬರುತ್ತೇನೆ. ಅದರ ಮೂಲ ನಿಮ್ಮ ತೋಟದ ರಸ್ತೆಯಲ್ಲಿದೆ. ಈ ಕಾರಿನ ಮೊದಲನೇ ಗೇರ್ ಮತ್ತು ಹಿಂದಿನ ಆಕ್ಸಲ್‌ನ 3.692 ಅನುಪಾತವನ್ನು ಅದರ 19 ಇಂಚಿನ ಟೈರಿನ ಸುತ್ತಳತೆಯೊಂದಿಗೆ ಕೂಡಿಸಿ ನೋಡಿದರೆ, ಮೊದಲ ಗೇರಿನಲ್ಲಿ ಪ್ರತಿ 1,000 ಆರ್‌ಪಿಎಂಗೆ ಕಾರು ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ ಹೋಗುತ್ತದೆ. ರಿವರ್ಸ್ ಗೇರಿನ ಅನುಪಾತ 3.446, ಅಂದರೆ ಅದು ಇನ್ನೂ ಎತ್ತರದ ಗೇರು. ಅಲ್ಲಿ ಅದೇ 1,000 ಆರ್‌ಪಿಎಂಗೆ ಗಂಟೆಗೆ 10 ಕಿ.ಮೀ. ಗುಂಡಿ, ಕಲ್ಲು, ಚರಂಡಿ ಅಡ್ಡ ಬರುವ ತೋಟದ ಏರಿನಲ್ಲಿ, ತಳ ತಾಗದಂತೆ ನೋಡಿಕೊಳ್ಳುತ್ತಾ, ನಡೆದುಹೋಗುವವರ ವೇಗದಲ್ಲಿ ನೀವು ಈ ಕಾರನ್ನು ಹತ್ತಿಸುತ್ತೀರಿ. ಆ ವೇಗದಲ್ಲಿ ಕ್ಲಚ್ ಪೆಡಲನ್ನು ಪೂರ್ತಿ ಬಿಟ್ಟರೆ ಎಂಜಿನ್ ಬಂದ್ ಬೀಳುತ್ತದೆ, ಹಾಗಾಗಿ ಪೆಡಲನ್ನು ಅರ್ಧ ಒತ್ತಿ ಹಿಡಿದು ಹಾಫ್ ಕ್ಲಚ್ಚಿನಲ್ಲೇ ಹೋಗುವುದು ನಿಮಗೆ ಅನಿವಾರ್ಯವಾಗುತ್ತದೆ. ನಿಮ್ಮ ತೋಟದ ಜೀಪಿಗೆ ಲೋ ಗೇರ್ ಇದೆ, ಅದು ಕ್ಲಚ್ ಬಿಟ್ಟು ತೆವಳಬಲ್ಲದು. ಒಂದೂವರೆ ಟನ್ ತೂಕದ, ಹೆದ್ದಾರಿಗೆಂದೇ ಗೇರ್ ಹೊಂದಿಸಿದ ಈ ಕಾರಿಗೆ ಆ ಸೌಲಭ್ಯವಿಲ್ಲ. ಹಾಫ್ ಕ್ಲಚ್ಚಿನಲ್ಲಿ ಜಾರುವ ಪ್ರತಿ ಸುತ್ತೂ ಶಾಖವಾಗುತ್ತದೆ; ನಿಮಗೆ ಬರುವ ಸುಟ್ಟ ವಾಸನೆ ಪ್ಲೇಟಿನ ಲೈನಿಂಗಿನದು.

ಆ ಶಾಖ ಪ್ಲೇಟಿನಲ್ಲಿಯೇ ನಿಲ್ಲುವುದಿಲ್ಲ. ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ಚನ್ನು ಬಿಡಿಸುವ ಭಾಗವೇ ಸ್ಲೇವ್ ಸಿಲಿಂಡರ್; ಹಳೆಯ ಅನೇಕ ಕಾರುಗಳಲ್ಲಿ ಅದು ಗೇರ್‌ಬಾಕ್ಸಿನ ಹೊರಮೈಗೆ, ಗಾಳಿ ತಾಗುವ ಜಾಗದಲ್ಲಿರುತ್ತಿತ್ತು. 370ಝಡ್‌ನಲ್ಲಿ ಅದು ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ಒಳಗೆ, ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಸುತ್ತ ಉಂಗುರದಂತೆ ಕುಳಿತಿದೆ, ಕ್ಲಚ್ಚನ್ನು ತಳ್ಳುವ ರಿಲೀಸ್ ಬೇರಿಂಗ್ ಅದರ ಮೇಲೆಯೇ ಕೂತಿದೆ. ಕಾದ ಕ್ಲಚ್ಚಿಗೂ ಅದಕ್ಕೂ ನಡುವೆ ಕೆಲವೇ ಅಂಗುಲ. ಈ ಕಾರಿನ ಮಾಲೀಕರ ನಡುವೆ ಪ್ರಪಂಚದಾದ್ಯಂತ ಹೆಚ್ಚು ಚರ್ಚೆಯಾಗುವ ದುರ್ಬಲ ಭಾಗವೂ ಅದೇ. ಅದರೊಳಗಿನ ದ್ರವ ಬ್ರೇಕಿನ ದ್ರವವೇ, ಗಾಳಿಯ ತೇವವನ್ನು ಹೀರುವುದು ಅದರ ಸ್ವಭಾವ. ಡಾಟ್ ಎಂಬುದು ಈ ದ್ರವದ ದರ್ಜೆ; ಹೊಸ ಡಾಟ್ 3 ದ್ರವ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೇವ ಕುಡಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಗೋಡೆ ಬೆವರುವ ಊರಿನಲ್ಲಿ ಶೆಡ್ಡಿನಲ್ಲಿ ನಿಂತ ಕಾರಿನ ದ್ರವ ಎರಡು ಮಳೆಗಾಲದಲ್ಲಿ ಎಷ್ಟು ತೇವ ಕುಡಿದಿರಬಹುದೆಂದು ಯೋಚಿಸಿ. ಕಾದಾಗ ಅದರಲ್ಲಿ ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ಒತ್ತಿದ ಬಲ ಗುಳ್ಳೆಯನ್ನು ಅಮುಕುವುದರಲ್ಲೇ ಕಳೆದುಹೋಗುತ್ತದೆ, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಅದನ್ನು ಪೂರ್ತಿ ಬಿಡುವುದಿಲ್ಲ. ಆಗ ಎಂಜಿನ್ ಆ ಮುಂದಿನ ಶಾಫ್ಟನ್ನು ಎಳೆಯುತ್ತಲೇ ಇರುತ್ತದೆ, ಅತ್ತ ಸಿಂಕ್ರೊ ಉಂಗುರ ಅದನ್ನು ನಿಲ್ಲಿಸಲು ಹೆಣಗುತ್ತದೆ. ಕೆಲವು ನೂರು ಗ್ರಾಂ ತೂಕದ ಉಂಗುರ 3.7 ಲೀಟರಿನ ಎಂಜಿನ್ನಿನ ಎದುರು ಎಷ್ಟು ಕಾಲ ನಿಲ್ಲಬಲ್ಲದು? ರಿವರ್ಸ್ ಬೀಳದಿರುವುದು, ಎರಡು ಸಲ ಒತ್ತಿದರೆ ಬೀಳುವುದು, ಎಲ್ಲವೂ ಈ ಒಂದೇ ಸರಪಣಿಯ ಕೊಂಡಿಗಳು.

ಇದನ್ನು ನಂಬಿ ಕೂರಬೇಡಿ, ನೀವೇ ಪರೀಕ್ಷಿಸಿ. ತೊಂದರೆ ಕಾಣಿಸಿಕೊಂಡ ಆ ಬಿಸಿಯಲ್ಲೇ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಸಲೀಸಾಗಿ ಬಿದ್ದರೆ ಲಿವರ್, ಗೇರ್ ಸರಿಸುವ ಫೋರ್ಕ್ ಇತ್ಯಾದಿ ಸರಿಯಿವೆ. ಬಳಿಕ ಎಂಜಿನ್ ಚಾಲೂ ಮಾಡಿ, ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದು, ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿ. ಪೂರ್ತಿ ಬಿಡುವ ಕ್ಲಚ್ಚಾದರೆ ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಕರಕರ ಎಂದರೆ ಶಾಫ್ಟ್ ಇನ್ನೂ ತಿರುಗುತ್ತಿದೆ ಎಂದೇ ಅರ್ಥ. ಅದೇ ಸ್ಥಿತಿಯಲ್ಲಿ ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಬಿಟ್ಟು, ಮೊದಲ ಗೇರಿನಲ್ಲಿ ಕ್ಲಚ್ ಒತ್ತಿಯೇ ತುಸು ರೇಸ್ ಕೊಡಿ. ಕಾರು ಒಂದು ಗೇಣು ಮುಂದೆ ಸರಿದರೂ ಸಂಶಯ ಉಳಿಯುವುದಿಲ್ಲ. ಬಾನೆಟ್ ತೆರೆದು ಕ್ಲಚ್ ದ್ರವದ ಡಬ್ಬಿಯನ್ನೂ ನೋಡಿ: ತಿಳಿ ಜೇನಿನ ಬಣ್ಣವಿರಬೇಕಾದ ದ್ರವ ಕಪ್ಪಾಗಿ, ತಳದಲ್ಲಿ ಮಸಿಯಂತೆ ಕೂತಿದ್ದರೆ ಸಿಲಿಂಡರಿನ ರಬ್ಬರ್ ಸೀಲ್ ಸವೆಯುತ್ತಿದೆ.

ಗೇರ್‌ಬಾಕ್ಸಿನ ಒಳಗಿನ ಸ್ಥಿತಿಯನ್ನೂ ಬಿಚ್ಚದೆ ತಿಳಿಯುವ ದಾರಿಯಿದೆ. ಗಾಡಿ ಹದವಾಗಿ ಬೆಚ್ಚಗಿರುವಾಗ ಗೇರ್ ಆಯಿಲನ್ನು ಶುಭ್ರವಾದ ಅಗಲದ ಪಾತ್ರೆಗೆ ಇಳಿಸಿ, ಅದರಲ್ಲಿ ಸ್ವಲ್ಪವನ್ನು ಬಿಳಿಯ ತಟ್ಟೆಗೆ ಸುರಿದು ಬಿಸಿಲಿನಲ್ಲಿ ಓರೆಯಾಗಿ ಹಿಡಿಯಿರಿ. ಒಂದು ಆಯಸ್ಕಾಂತವನ್ನು ಆಡಿಸಿದಾಗ ಅದರ ತುದಿಗೆ ಬೂದು ಬಣ್ಣದ, ಬೆರಳಿಗೆ ನುಣ್ಣಗೆ ತಾಗುವ ಕೆಸರಿನಂಥದ್ದು ಅಂಟಿದರೆ ಅದು ಈ ವಯಸ್ಸಿನ ಗಾಡಿಗೆ ಸಹಜ. ಆಯಸ್ಕಾಂತಕ್ಕೆ ಅಂಟದ ಹೊಂಬಣ್ಣದ ಹುಡಿ ಆಯಿಲಿನೊಳಗೆ ಅಲೆಅಲೆಯಾಗಿ ಮಿನುಗಿದರೆ ಸಿಂಕ್ರೊ ಉಂಗುರ ಸವೆಯುತ್ತಿದೆ. ಸ್ವಲ್ಪವಿದ್ದರೆ ಭಯವಿಲ್ಲ, ತಟ್ಟೆಯೆಲ್ಲ ಹೊಳೆದರೆ ಗೇರ್‌ಬಾಕ್ಸ್ ಬಿಚ್ಚುವ ಮಾತಿಗೆ ಅರ್ಥವಿದೆ. ಉಗುರಿನ ಚೂರಿನಂತೆ ಅಂಚಿರುವ ಉಕ್ಕಿನ ತುಣುಕು ಸಿಕ್ಕರೆ ಮಾತ್ರ ಗಾಡಿಯನ್ನು ಮುಂದೆ ಓಡಿಸದೆ ಟ್ರಕ್ಕಿನ ಮೇಲೆ ಕಳುಹಿಸಿ. ಈ ತಟ್ಟೆಯನ್ನು ನೋಡದೆ ಗೇರ್‌ಬಾಕ್ಸ್ ಹೋಗಿದೆ ಎಂದು ಯಾರು ಹೇಳಿದರೂ ಅದನ್ನು ನಾನು ತೀರ್ಮಾನವೆಂದು ಒಪ್ಪುವುದಿಲ್ಲ.

ತಾನೇ ರೇಸ್ ಕೊಡುವ ಬಟನ್ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆ ನಿಮ್ಮದೊಬ್ಬರದಲ್ಲ. ನಿಸ್ಸಾನ್ ಇದನ್ನು ಸಿಂಕ್ರೊರೆವ್ ಮ್ಯಾಚ್ ಎಂದು ಕರೆದಿದ್ದರಿಂದ ಅದು ಸಿಂಕ್ರೊವನ್ನು ಕಾಯುತ್ತದೆ ಎಂದು ಬಹಳ ಜನ ಭಾವಿಸಿದ್ದಾರೆ. ನೀವು ಕ್ಲಚ್ ಒತ್ತಿ ಮೂರರಿಂದ ಎರಡಕ್ಕೆ ಇಳಿಸುವಾಗ ಅದು ಎಂಜಿನ್ನಿನ ವೇಗವನ್ನು ಮಾತ್ರ ಏರಿಸುತ್ತದೆ. ಆ ಹೊತ್ತಿನಲ್ಲಿ ಪೆಡಲ್ ಒತ್ತಿ ಎಂಜಿನ್ನಿನ ಸಂಪರ್ಕ ತಪ್ಪಿರುವುದರಿಂದ ಗೇರ್‌ಬಾಕ್ಸಿನ ಶಾಫ್ಟಿಗೆ ಅದರ ಸಹಾಯ ತಲುಪುವುದಿಲ್ಲ, ಅದನ್ನು ಎಳೆದು ವೇಗಕ್ಕೆ ತರುವ ಕೆಲಸ ಎಂದಿನಂತೆ ಉಂಗುರದ್ದೇ. ಕ್ಲಚ್ ಮೇಲೆತ್ತುವಾಗ ಝಟಕಾ ಬೀಳದಿರುವುದು, ಒದ್ದೆ ರಸ್ತೆಯ ತಿರುವಿನಲ್ಲಿ ಹಿಂದಿನ ಚಕ್ರ ಕಚ್ಚಿ ಜಾರದಿರುವುದು, ಪ್ಲೇಟು ಕಡಿಮೆ ಸವೆಯುವುದು ಇದರ ಲಾಭ, ಅದು ಸಣ್ಣದೇನೂ ಅಲ್ಲ, ಆದ್ದರಿಂದ ಆನ್ ಇಟ್ಟಿರಿ. ಉಂಗುರಕ್ಕೆ ವಿಶ್ರಾಂತಿ ಕೊಡುವುದು ಹಳೆಯ ಲಾರಿ ಚಾಲಕರ ಡಬಲ್ ಕ್ಲಚ್ ಮಾತ್ರ: ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ವೇಗ ಹೊಂದಿದ ಮೇಲೆ ಮತ್ತೆ ಒತ್ತಿ ಗೇರ್ ಹಾಕುವುದು. ದಿನವಿಡೀ ಹಾಗೆ ಓಡಿಸಬೇಕಿಲ್ಲ; ಚಳಿಗಾಲದ ಬೆಳಿಗ್ಗೆ ಮೊದಲ ಐದು ಕಿ.ಮೀ. ಒಂದರಿಂದ ಎರಡಕ್ಕೆ ಹಾಕುವಾಗ ಹೀಗೆ ಮಾಡಿದರೂ ಸಾಕು, ಅಥವಾ ನ್ಯೂಟ್ರಲ್‌ನಲ್ಲಿ ಅರೆಕ್ಷಣ ತಡೆದು ಹಾಕಿದರೂ ಆಗುತ್ತದೆ.

ಕ್ಲಚ್ ಇಲ್ಲದೆ ಗೇರ್ ಬದಲಿಸುವ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನಡೆಯುವುದನ್ನು ನೋಡಿ ಬೆಳೆದ ನಮ್ಮ ಕಡೆಯ ಹುಡುಗರಲ್ಲಿ ಈ ನಂಬಿಕೆ ಬಲವಾಗಿದೆ, ಅದಕ್ಕೆ ಆಧಾರವೂ ಇಲ್ಲದಿಲ್ಲ. ನಮ್ಮ ದೇಶದ ಚಾಲಕ ಗೌರವ್ ಗಿಲ್ 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಪ್ರಶಸ್ತಿ ಗೆದ್ದ ಸ್ಕೋಡಾ ಫಾಬಿಯಾ ಆರ್5 ಕಾರಿನಲ್ಲಿ ಇದ್ದದ್ದು ಐದು ಗೇರಿನ, ಗೇರುಗಳನ್ನು ಸರದಿಯಲ್ಲೇ ಹಾಕುವ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್. ಅಂಥವುಗಳಲ್ಲಿ ಸಿಂಕ್ರೊ ಉಂಗುರಗಳೇ ಇರುವುದಿಲ್ಲ; ದಪ್ಪನೆಯ, ಅಂತರವಿರುವ ಹಲ್ಲುಗಳು ಒಂದಕ್ಕೊಂದು ಬಡಿದು ಕೂಡುವಂತೆಯೇ ಅವನ್ನು ಮಾಡಿರುತ್ತಾರೆ, ಮತ್ತು ಸ್ಪರ್ಧೆಗಳ ನಡುವೆ ಬಿಚ್ಚಿ ನೋಡುತ್ತಾರೆ. ನಿಮ್ಮ ಕಾರಿನ ಸಣ್ಣ ಹಲ್ಲುಗಳ ಮೇಲೆ ಅದೇ ಪ್ರಯೋಗ ಮಾಡಿದರೆ ಅವುಗಳ ಮೊನೆ ಮೊಂಡಾಗುತ್ತದೆ, ಆಮೇಲೆ ಗೇರ್ ಬಿದ್ದರೂ ನಿಲ್ಲುವುದಿಲ್ಲ.

ಎಂಜಿನ್ನಿನ ವಿಷಯದಲ್ಲಿ ನಿಮಗೆ ಅಷ್ಟು ಭಯ ಬೇಡ. 3,696 ಸಿಸಿಯ ಈ ವಿ6 ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು 7,000 ಆರ್‌ಪಿಎಂನಲ್ಲಿ, ಅದರ ಕೆಂಪು ಗೆರೆ 7,500ರಲ್ಲಿ. ಅಷ್ಟು ಎತ್ತರಕ್ಕೆ ತಿರುಗುವ, ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿಂಗ್‌ನಲ್ಲಿ ಸಿಲಿಂಡರಿನೊಳಗೆ ನಿರ್ವಾತ ಉಂಟಾಗಿ ಸ್ವಲ್ಪ ಆಯಿಲ್ ಎಳೆದುಕೊಳ್ಳುವ ಎಂಜಿನ್ನಿಗೆ 3,000 ಕಿ.ಮೀ.ಗೆ ಒಂದು ಲೀಟರ್ ಎಂಬುದು ಎಂಜಿನ್ ಬಿಚ್ಚುವ ಕಾರಣವಲ್ಲ. ಆದರೆ ಒಟ್ಟು ಹಿಡಿಯುವುದೇ ಐದು ಲೀಟರಿಗೆ ಹತ್ತಿರವಾದ್ದರಿಂದ ಪ್ರತಿ ಎರಡನೇ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ಎಳೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. 20ಡಬ್ಲ್ಯು-50 ಹಾಕುವುದು ತಪ್ಪು. ಇನ್‌ಟೇಕ್ ಕ್ಯಾಮ್‌ಶಾಫ್ಟಿನ ಸಮಯವನ್ನು ಹಿಂದೆ ಮುಂದೆ ಮಾಡುವ ಭಾಗ ನಡೆಯುವುದೇ ಆಯಿಲಿನ ಒತ್ತಡದಿಂದ; ಚಳಿಯಲ್ಲಿ ದಪ್ಪ ಆಯಿಲ್ ಅಲ್ಲಿಗೆ ತಡವಾಗಿ ತಲುಪಿದರೆ ಸವೆತ ಹೆಚ್ಚುತ್ತದೆ. ಒಳ್ಳೆಯ ಸಿಂಥೆಟಿಕ್ 5ಡಬ್ಲ್ಯು-30 ಸಾಕು. ಡ್ಯಾಶ್‌ಬೋರ್ಡಿನ ನಡುವೆ ಕಂಪನಿಯವರೇ ಕೊಟ್ಟ ಆಯಿಲ್ ತಾಪಮಾನದ ಮುಳ್ಳು ಇದೆಯಲ್ಲ, ಅದನ್ನು ನಂಬಿ: ಬೆಳಿಗ್ಗೆ ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿಸುವುದರಿಂದ ಗೇರ್‌ಬಾಕ್ಸೂ ಆಕ್ಸಲ್ಲೂ ಬೆಚ್ಚಗಾಗುವುದಿಲ್ಲ, ಅರ್ಧ ನಿಮಿಷದಲ್ಲಿ ಹೊರಟು, ಆ ಮುಳ್ಳು 80 ಡಿಗ್ರಿ ತಲುಪುವವರೆಗೆ 3,000 ಆರ್‌ಪಿಎಂ ದಾಟದೆ ಓಡಿಸಿ. ಅತ್ತ ತುದಿಯಲ್ಲಿ, ಆರಂಭದ ವರ್ಷಗಳ ಹಲವು ಗಾಡಿಗಳಲ್ಲಿ ಪ್ರತ್ಯೇಕ ಆಯಿಲ್ ಕೂಲರ್ ಇಲ್ಲ, ಆಯಿಲ್ 140 ಡಿಗ್ರಿಯ ಆಸುಪಾಸಿಗೆ ಬಂದರೆ ಕಂಪ್ಯೂಟರ್ ತಾನೇ ಎಂಜಿನ್ನಿನ ವೇಗ ತಗ್ಗಿಸುತ್ತದೆ. ಚಾರ್ಮಾಡಿಯಲ್ಲಿ ಲಾರಿಗಳ ಹಿಂದೆ ಹತ್ತುವಾಗ ಅಲ್ಲಿಯವರೆಗೆ ಹೋಗುವುದು ಕಷ್ಟ, ಆದರೂ ಮುಳ್ಳು 120 ದಾಟಿದರೆ ಒಂದು ಗೇರ್ ಮೇಲೆ ಹಾಕಿ ನಿಧಾನಿಸಿ. ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಗೇರಿನಲ್ಲಿದ್ದು ಕಾಲು ತೆಗೆದರೆ ಇಂಜೆಕ್ಟರ್‌ಗಳು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಸುರಿಯುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಬ್ರೇಕಿನ ಭದ್ರತೆಯೂ ಇಲ್ಲ.

ಈ ಎಂಜಿನ್ನಿನಲ್ಲಿ ನಾನು ಹುಡುಕುವ ಒಂದು ದೋಷವಿದೆ. ಹಿಂದಿನ ಟೈಮಿಂಗ್ ಕವರಿನ ಬಳಿಯ ಆಯಿಲ್ ಗ್ಯಾಲರಿಯ (ಆಯಿಲ್ ಹರಿಯುವ ದಾರಿ) ಗ್ಯಾಸ್ಕೆಟ್, ಅಂದರೆ ಸೋರದಂತೆ ತಡೆಯುವ ಹಾಳೆ, ಕಾಲಕ್ರಮೇಣ ಬಿರಿದು, ಹೊರಗೆ ಒಂದು ಹನಿಯೂ ಸೋರದೆ ಒಳಗೇ ಒತ್ತಡ ಕಳೆದುಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡದ ಮುಳ್ಳು ಇಲ್ಲದಿರುವುದರಿಂದ ಮಾಲೀಕರಿಗೆ ಸುಳಿವು ಸಿಗುವುದಿಲ್ಲ. ಗಾಡಿ ಗ್ಯಾರೇಜಿನಲ್ಲಿರುವಾಗ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೊರಗಿನಿಂದ ಗೇಜ್ ಕಟ್ಟಿಸಿ ಅಳೆಸಿ, ಸರ್ವಿಸ್ ಕೈಪಿಡಿಯ ಕನಿಷ್ಠ ಅಂಕಿಯೊಂದಿಗೆ ಹೋಲಿಸಿ ನೋಡಿ.

ಪೆಟ್ರೋಲ್ ಕುರಿತು ಚುಟುಕಾಗಿ ಹೇಳುತ್ತೇನೆ. 11:1 ಕಂಪ್ರೆಷನ್ ಇರುವ ಈ ಎಂಜಿನ್ನಿಗೆ 95 ಅಥವಾ ಹೆಚ್ಚಿನ ಆಕ್ಟೇನ್ (ಪೆಟ್ರೋಲ್ ಹೊತ್ತಿಗೆ ಮುನ್ನ ತಾನಾಗಿ ಸಿಡಿಯದಿರುವ ಗುಣದ ಅಳತೆ) ಬೇಕು; ಕಡಿಮೆಯಾದರೆ ಆ ಸಿಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಇಗ್ನಿಷನ್ನನ್ನು ಹಿಂದಕ್ಕೆ ಸರಿಸಿ ಎಂಜಿನ್ನನ್ನು ಕಾಯುತ್ತದೆ, ಆದರೆ ಏರಿನಲ್ಲಿ ಶಕ್ತಿ ಇಳಿದು ಶಾಖ ಹೆಚ್ಚುತ್ತದೆ. ಈಗ ಬಂಕುಗಳಲ್ಲಿ ಸಿಗುವ, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿನಲ್ಲಿ ಆಕ್ಟೇನ್ ಕೊರತೆಯಿಲ್ಲ, ಆದರೆ 2011ರ ಕಾರಿನ ರಬ್ಬರ್ ಪೈಪುಗಳನ್ನು ಅಷ್ಟು ಎಥನಾಲ್ ಲೆಕ್ಕ ಹಾಕಿ ಮಾಡಿದ್ದಲ್ಲ, ಜೊತೆಗೆ ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧ ಖಾಲಿ ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ವರ್ಷಕ್ಕೊಮ್ಮೆ ಪೈಪುಗಳನ್ನು ನೋಡಿಸಿ, ಬಾಟಲಿಯಲ್ಲಿ ಮಾರುವ ಆಕ್ಟೇನ್ ಬೂಸ್ಟರ್‌ಗೆ ಹಣ ಸುರಿಯಬೇಡಿ.

ಹಾಗಾದರೆ ಮಾಡಿಸಬೇಕಾದ್ದೇನು? ಮೊದಲು ಕ್ಲಚ್ ದ್ರವವನ್ನು ಪೂರ್ತಿ ತೆಗೆಸಿ ಹೊಸ ಡಾಟ್ 4 ತುಂಬಿಸಿ, ಗಾಳಿ ತೆಗೆಸಿ, ಗೇರ್ ಆಯಿಲನ್ನೂ ಬದಲಿಸಿ. ಕೆಲವು ಸಾವಿರ ರೂಪಾಯಿಗಳ ಕೆಲಸ, ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಆಗುವಂಥದ್ದು. ಬೆಳಗಿನ ಸದ್ದು ಬಹುಪಾಲು ಇದರಿಂದಲೇ ತಗ್ಗಬೇಕು. ಬಿಸಿಯ ತೊಂದರೆಯೂ ಕೆಲವು ತಿಂಗಳು ಮಾಯವಾಗಬಹುದು. ಆದರೆ ದ್ರವ ಮತ್ತೆ ಬೇಗನೆ ಕಪ್ಪಾದರೆ ಅಥವಾ ಡಬ್ಬಿಯಲ್ಲಿ ಮಟ್ಟ ಇಳಿದರೆ ಸ್ಲೇವ್ ಸಿಲಿಂಡರ್ ಕೊನೆಗಾಲದಲ್ಲಿದೆ. ಇಲ್ಲಿ ತಡಮಾಡುವುದರ ಅಪಾಯವೆಂದರೆ ಅದು ಒಡೆಯುವುದು ಸಾಮಾನ್ಯವಾಗಿ ಅತಿ ಹೆಚ್ಚು ಶಾಖವಿರುವಾಗ, ಅಂದರೆ ಚಾರ್ಮಾಡಿಯ ತಿರುವಿನಲ್ಲೇ. ಪೆಡಲ್ ನೆಲಕ್ಕೆ ಅಂಟಿಕೊಂಡು, ಹಿಂದೆ ಬಸ್ಸು ನಿಂತಿರುವಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಸಿಲಿಂಡರ್ ಬದಲಿಸಲು ಗೇರ್‌ಬಾಕ್ಸನ್ನು ಇಳಿಸಲೇಬೇಕು. ಇಳಿಸಿದ ಮೇಲೆ ಸಿಲಿಂಡರ್ ಒಂದನ್ನೇ ಹಾಕಿ ಮುಚ್ಚುವುದು ಸರಿಯಲ್ಲ. ನಿಮ್ಮ ಪ್ಲೇಟು ಈಗಾಗಲೇ ಸುಟ್ಟಿದೆ, ಆದ್ದರಿಂದ ಪ್ಲೇಟು, ಪ್ರೆಶರ್ ಪ್ಲೇಟು, ಪೈಲಟ್ ಬೇರಿಂಗ್, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಜೊತೆಗೇ ಆಗಲಿ. ಈ ಕಾರಿನ ಫ್ಲೈವೀಲ್ (ಎಂಜಿನ್ನಿನ ಹಿಂದಿನ, ಕ್ಲಚ್ ಒತ್ತಿಕೊಳ್ಳುವ ಭಾರದ ಚಕ್ರ) ಎರಡು ಭಾಗಗಳ ನಡುವೆ ಸ್ಪ್ರಿಂಗ್ ಇರುವ ಬಗೆಯದು, ಅದರಲ್ಲಿ ನೀಲಿ ಕಲೆ, ಬಿರುಕು, ಮಿತಿಮೀರಿದ ಆಟ ಇದೆಯೇ ನೋಡಿಸಿ. ಅದರ ಬದಲು ಹಗುರವಾದ ಒಂಟಿ ಫ್ಲೈವೀಲ್ ಹಾಕಲು ಯಾರಾದರೂ ಹೇಳಿದರೆ ಬೇಡವೆನ್ನಿ: ಎಂಜಿನ್ ಚುರುಕಾಗುವುದು ನಿಜ, ಆದರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಗಡಗಡ ಎನ್ನುತ್ತದೆ, ನಿಧಾನ ವೇಗದಲ್ಲಿ ಎಂಜಿನ್ ಬೇಗ ಬಂದ್ ಬೀಳುವುದರಿಂದ ತೋಟದ ಏರಿನಲ್ಲಿ ಇನ್ನೂ ಹೆಚ್ಚು ಹಾಫ್ ಕ್ಲಚ್ ಬೇಕಾಗುತ್ತದೆ. ಸಿಲಿಂಡರಿನ ವಿಷಯದಲ್ಲಿ ಎರಡು ದಾರಿಗಳಿವೆ. ಕಂಪನಿಯ ಮಾದರಿಯದ್ದನ್ನೇ ಹಾಕಿದರೆ ಹೊಂದಾಣಿಕೆಯ ಚಿಂತೆಯಿಲ್ಲ, ಆದರೆ ಇದೇ ಶಾಖದಲ್ಲಿ ಅದೂ ಒಂದು ದಿನ ಸೋಲುತ್ತದೆ. ಹೊರದೇಶಗಳಲ್ಲಿ ಬೇರೆಯವರು ಮಾಡುವ ಲೋಹದ ಸಿಲಿಂಡರ್ ಅಥವಾ ಸಿಲಿಂಡರನ್ನೇ ಹೊರಮೈಗೆ ತರುವ ಕಿಟ್ ಹೆಚ್ಚು ಬಾಳಬಲ್ಲವು, ಆದರೆ ಅಳವಡಿಸುವಾಗ ಬೇರಿಂಗಿನ ಅಂತರವನ್ನು ಕಟ್ಟುನಿಟ್ಟಾಗಿ ಅಳೆಯಬೇಕು; ಮೊದಲ ಸಲ ಈ ಗಾಡಿ ನೋಡುತ್ತಿರುವ ಮೆಕ್ಯಾನಿಕ್ ಕೈಗೆ ನಾನು ಅದನ್ನು ಕೊಡುವುದಿಲ್ಲ. ತೋಟದ ರಸ್ತೆಯಿರುವ ನಿಮಗೆ, ಅನುಭವವಿರುವ ಗ್ಯಾರೇಜು ಸಿಕ್ಕರೆ, ಎರಡನೆಯದೇ ಲೇಸು.

ಗೇರ್‌ಬಾಕ್ಸ್ ಬಿಚ್ಚಿ ಸಿಂಕ್ರೊ ಹಾಕಿಸುವುದು ತಟ್ಟೆಯಲ್ಲಿ ಹೊಂಬಣ್ಣ ಹೊಳೆದಾಗ, ಮತ್ತು ಕ್ಲಚ್ ಹೊಸದಾದ ಮೇಲೂ ಬಿಸಿ ಆಯಿಲಿನಲ್ಲಿ ಎರಡನೇ ಗೇರ್ ಕರಕರ ಎಂದಾಗ ಮಾತ್ರ. ಬೇರೆ ಗೇರ್‌ಬಾಕ್ಸ್ ತರಿಸುವುದು ನನ್ನ ದೃಷ್ಟಿಯಲ್ಲಿ ಕೊನೆಯ ದಾರಿ. ಬಳಸಿದ ಗೇರ್‌ಬಾಕ್ಸಿನ ಎರಡನೇ ಗೇರನ್ನು ಹಿಂದಿನವರು ಹೇಗೆ ಹಾಕುತ್ತಿದ್ದರೆಂದು ಹೊರಗಿನಿಂದ ತಿಳಿಯಲು ಸಾಧ್ಯವಿಲ್ಲ, ನಿಮ್ಮದಕ್ಕಿಂತ ಸವೆದದ್ದೇ ಬರಬಹುದು.

ಮಾರುವ ವಿಚಾರಕ್ಕೆ ಬಂದರೆ, ಈ ಸ್ಥಿತಿಯಲ್ಲಿ ಮಾರಿದರೆ ಕೊಳ್ಳುವವರು ಗೇರ್‌ಬಾಕ್ಸ್ ಹೋಗಿದೆಯೆಂದೇ ಬೆಲೆ ಕಟ್ಟುತ್ತಾರೆ, ಆದ್ದರಿಂದ ರಿಪೇರಿಯ ಮೊದಲು ಮಾರುವುದರಲ್ಲಿ ನಷ್ಟವೇ ಹೆಚ್ಚು. ತೋಟದ ರಸ್ತೆಯನ್ನು ಪ್ರತಿದಿನ ಈ ಕಾರಿನಲ್ಲೇ ಹತ್ತುವ ಅನಿವಾರ್ಯತೆ ನಿಮಗಿದ್ದರೆ, ರಿಪೇರಿಯಾದ ಮೇಲೆ ಮಾರುವುದು ಸರಿಯಾದ ನಿರ್ಧಾರ. ಯಾವ ಹೊಸ ಕ್ಲಚ್ಚೂ ಆ ಬಳಕೆಯಲ್ಲಿ ಬಹುಕಾಲ ಉಳಿಯದು. ಟಾರು ರಸ್ತೆಗೆ ಹತ್ತಿರ ಒಂದು ಶೆಡ್ಡಿನಲ್ಲಿ ಇದನ್ನು ನಿಲ್ಲಿಸಿ ಅಲ್ಲಿಂದ ಮನೆಗೆ ಜೀಪಿನಲ್ಲಿ ಹೋಗುವ ಅನುಕೂಲವಿದ್ದರೆ ಇಟ್ಟುಕೊಳ್ಳಿ. ಅದೂ ಆಗದಿದ್ದರೆ ಕನಿಷ್ಠ ಮನೆಯ ಏರನ್ನು ರಿವರ್ಸ್‌ನಲ್ಲಿ ಹತ್ತಿಸುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸಿ. ಮುಂಭಾಗದಿಂದ ಹತ್ತಿ, ಇಳಿಯುವಾಗ ರಿವರ್ಸ್ ಹಾಕುವಂತೆ ನಿಲ್ಲಿಸುವ ಜಾಗವನ್ನು ಬದಲಿಸಿಕೊಳ್ಳಿ.

ಗ್ಯಾರೇಜಿಗೆ ಬಿಡುವ ಮುನ್ನ ಒಂದು ವ್ಯವಹಾರದ ಮಾತು. ಈ ಗಾಡಿಯ ಭಾಗಗಳು ಹೆಚ್ಚಾಗಿ ಹೊರದೇಶದಿಂದ ಬರಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ತರಿಸಲು ಹೊರಟರೆ ಗಾಡಿ ಬಿಚ್ಚಿದ ಸ್ಥಿತಿಯಲ್ಲೇ ನಿಲ್ಲುತ್ತದೆ, ಸಣ್ಣ ಬೋಲ್ಟು ಕ್ಲಿಪ್ಪುಗಳು ಅಷ್ಟರಲ್ಲಿ ಕಾಣೆಯಾಗುತ್ತವೆ. ಚಾಸಿ ನಂಬರ್ ಕೊಟ್ಟು ಕ್ಲಚ್ ಸೆಟ್, ಸಿಲಿಂಡರ್, ಪೈಲಟ್ ಬೇರಿಂಗ್, ಹಿಂದಿನ ಸೀಲ್ ಇಷ್ಟನ್ನೂ ಮೊದಲು ತರಿಸಿ ಕೈಯಲ್ಲಿಟ್ಟುಕೊಂಡು ಗಾಡಿ ಬಿಡಿ, ತೆಗೆದ ಹಳೆಯ ಭಾಗಗಳನ್ನೆಲ್ಲ ನಿಮಗೇ ಹಿಂದಿರುಗಿಸಬೇಕೆಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಇಳಿಸಿದ ದಿನ ನೀವೂ ಅಲ್ಲಿರಿ. ಸಿಲಿಂಡರಿನ ಬುಡ ಒದ್ದೆಯಾಗಿದೆಯೇ, ಪ್ರೆಶರ್ ಪ್ಲೇಟಿನ ಮೈ ನೀಲಿಗಟ್ಟಿದೆಯೇ ಎಂಬುದನ್ನು ನಿಮ್ಮ ಕಣ್ಣಿನಿಂದಲೇ ನೋಡಿ, ಆಮೇಲೆ ಗೇರ್‌ಬಾಕ್ಸ್ ಬಿಚ್ಚಬೇಕೇ ಬೇಡವೇ ಎಂದು ಅವರೊಂದಿಗೆ ಮಾತನಾಡಿ.